ಉಪ್ಪಿನಕಾಯಿ ಬಾಟಲಿಯ ಮೇಲಿನ ಮುಖ

ವಿದ್ಯಾರ್ಥಿಗಳ ಪ್ರತಿಭೆ ಅರಳಬೇಕಾದರೆ ಟೀಚರ್ ಏನು ಮಾಡಬೇಕೆಂದು ಈಗಿನವರು ಸೆಮಿನಾರ್ ನಡೆಸುತ್ತಾರೆ. ನನ್ನನ್ನು ಯಾರೂ ಕರೆಯುವುದಿಲ್ಲ. ಕರೆದರೂ ನಾನು ಕೊಡಬಹುದಾದದ್ದು ಒಂದು ಕನ್ಫೆಷನ್ ಮಾತ್ರ. ಎಪ್ಪತ್ತರ ದಶಕದ ಕೊನೆಯಲ್ಲಿ ಮಂಗಳೂರಿನ ಒಂದು ಹೆಣ್ಣುಮಕ್ಕಳ ಇನ್‌ಸ್ಟಿಟ್ಯೂಟಿನಲ್ಲಿ ನಾನು ಡಿಸೈನ್ ಕಲಿಸುತ್ತಿದ್ದೆ. ಕಲಿಸುವುದೆಂದರೆ, ಹುಡುಗಿಯ ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡು, "ಲೆಟ್ ಮಿ ಶೋ ಯೂ, ಮೈ ಡಿಯರ್" ಎಂದು ಅವಳ ಚಿತ್ರದ ಮೇಲೆಯೇ ನನ್ನದನ್ನು ಬರೆಯುವುದು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕರ್ಚೀಫಿನ ಮೂಲೆಗೆ ಗುಲಾಬಿ ಹಾಕಲು ಕಲಿಸಿದ್ದರಲ್ಲ, ಅದು ನನ್ನ ಕೈ ಬಿಟ್ಟು ಹೋಗಲೇ ಇಲ್ಲ. ಮನೆಯಲ್ಲಿ ದಿಂಬಿಗೂ ಅದೇ, ರೇಡಿಯೋದ ಹೊದಿಕೆಗೂ ಅದೇ. ಪಾಪ, ನಮ್ಮ ಯಜಮಾನರು ಯುದ್ಧದ ನ್ಯೂಸನ್ನೂ ಗುಲಾಬಿ ನೋಡುತ್ತಲೇ ಕೇಳಿದವರು. ಗಂಟೆಗಟ್ಟಲೆ ಕೂತು ಬರೆದ ಚಿತ್ರ ನನ್ನ ಪೆನ್ಸಿಲಿನಡಿ ಮಾಯವಾಗುವಾಗ ಹುಡುಗಿಯರು "ಥ್ಯಾಂಕ್ಯೂ ಮಿಸ್" ಎನ್ನುತ್ತಿದ್ದರು. ಆ ಥ್ಯಾಂಕ್ಯೂವಿನ ಅರ್ಥ ನನಗೆ ಆಗುತ್ತಿರುವುದು ಈಗ.

ಒಮ್ಮೆ ಬೈಕಂಪಾಡಿಯಲ್ಲಿ ಉಪ್ಪಿನಕಾಯಿ ಫ್ಯಾಕ್ಟರಿ ಹಾಕಿದ್ದ ಹಾಜಿಯವರೊಬ್ಬರು ಬಾಟಲಿಗೆ ಲೇಬಲ್ ಬೇಕೆಂದು ನಮ್ಮಲ್ಲಿಗೆ ಬಂದರು. ಕ್ಲಾಸಿನ ಹನ್ನೆರಡು ಹುಡುಗಿಯರಿಗೂ ಒಂದೊಂದು ಲೇಬಲ್ ಬರೆಯಲು ಹೇಳಿದೆ. ಅವರಲ್ಲಿ ಸುಜಾತಳಿಗೆ ಮಾತ್ರ ಇದು ಆಟವಾಗಿರಲಿಲ್ಲ. ಅವಳ ಅಪ್ಪನದು ಹೋಟೆಲ್. "ಚಿತ್ರ ಬರೆದು ಎಂತ ಆಗ್ಲಿಕ್ಕುಂಟು? ನಿನ್ನ ಲೇಬಲ್ ಪಾಸಾದ್ರೆ ಕೋರ್ಸ್ ಮುಗಿಸು. ಇಲ್ಲದಿದ್ರೆ ಮುಂದಿನ ತಿಂಗಳಿಂದ ಹೋಟೆಲಿಗೆ ಬಾ" ಎಂದುಬಿಟ್ಟಿದ್ದರು. ಅವಳದನ್ನು ಸ್ಪೆಷಲ್ಲಾಗಿ ತಿದ್ದಿಕೊಡಬೇಕೆಂದು ಕಾದೆ. ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಬಣ್ಣ ಒಣಗ್ಲಿಲ್ಲ ಮಿಸ್. ಈ ಮಳೆಗೆ ಬಟ್ಟೆಯೇ ಒಣಗುದಿಲ್ಲ." ನಾಲ್ಕು ದಿನ ಒಣಗದ ಪೋಸ್ಟರ್ ಕಲರನ್ನು ನಾನು ನಂಬಿದೆ!

ಹಾಜಿಯವರು ಬಂದು ಗೋಡೆ ನೋಡಿದರು. ಹನ್ನೊಂದು ಲೇಬಲ್, ಹನ್ನೊಂದು ಗುಲಾಬಿ.

"ಎಂತ ಟೀಚರೇ, ಎಲ್ಲ ಒಬ್ಬರೇ ಬರೆದದ್ದಾ? ಇದನ್ನು ಅಂಟಿಸಿದ್ರೆ ಜನ ಹೇರ್ ಆಯಿಲ್ ಅಂತ ತಲೆಗೆ ಹಚ್ಚಿಯಾರು!"

ಅಷ್ಟರಲ್ಲಿ ಸುಜಾತ ತನ್ನ ಹಾಳೆ ತಂದು ಅವರ ಮುಂದಿಟ್ಟಳು. ಕನ್ನಡಕದ ಹೆಂಗಸೊಬ್ಬಳು ಒಂದು ಕಣ್ಣು ಮುಚ್ಚಿ, ಮೂಗು ಮುದುಡಿ, ತುಟಿ ಓರೆ ಮಾಡಿದ್ದಳು. ನೋಡಿದರೇ ಹಲ್ಲು ಚುಳ್ಳೆನ್ನಬೇಕು. ಹಾಜಿಯವರು ನಾಲಿಗೆ ಚಪ್ಪರಿಸಿ, "ಇದು ಹುಳಿ ಮಾರಾಯ್ರೆ! ಇದೇ ಇರ್ಲಿ" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆ ಹೆಂಗಸಿನ ಮುತ್ತಿನ ಓಲೆ ನನಗೆ ಪರಿಚಯದ್ದೆನಿಸಿತು. ಕೈ ತಾನಾಗಿ ಕಿವಿಗೆ ಹೋಯಿತು.

"ಸುಜಾತಾ, ಹೂ ಈಸ್ ದಿಸ್?"

"ನಮ್ಮ ಡ್ರಾಯಿಂಗ್ ನೋಡುವಾಗ ನಿಮ್ಮ ಮುಖ ಮಿಸ್... ಅದಕ್ಕೇ ತೋರಿಸ್ಲಿಲ್ಲ."

ಮರುದಿನ ಅವಳ ಅಪ್ಪ ತಮ್ಮ ಹೋಟೆಲಿನಲ್ಲಿ ಕರಿದ ಬಿಸಿ ಗೋಳಿಬಜೆಯ ಕಟ್ಟು ಹಿಡಿದುಕೊಂಡು ಬಂದರು. ಪಾಸಾದ ಲೇಬಲನ್ನು ಆಗಲೇ ನೋಡಿದ್ದರು. "ಕೋರ್ಸ್ ಮುಗಿಸ್ಲಿ ಮಿಸ್. ಎಲ್ಲ ನಿಮ್ಮನ್ನು ನೋಡಿಯೇ ಕಲಿತದ್ದು ಅಂತಾಳೆ" ಎಂದರು. ಅದು ಸುಳ್ಳೆನ್ನಲು ನನಗೆ ದಾರಿಯಿರಲಿಲ್ಲ. ಅವರು ನನ್ನನ್ನೇ ದಿಟ್ಟಿಸಿ, "ನಿಮ್ಮನ್ನು ಎಲ್ಲಿಯೋ ಕಂಡ ಹಾಗೆ ಉಂಟಲ್ಲ?" ಎಂದರು. ನಾನು ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡು, ಮುಖವನ್ನು ಆದಷ್ಟು ಸಿಹಿಯಾಗಿ ಇಟ್ಟುಕೊಂಡೆ.