ಚನಮಲ್ಲಪ್ಪನ ಕಾರಿಗೆ ಚಳಿಜ್ವರ

ಗಾಡಿಯ ಸಿಗ್ನಲ್ ದೀಪ ಇರುವುದು ಗಾಡಿ ಓಡಿಸುವವನಿಗಾಗಿ ಅಲ್ಲ, ರಸ್ತೆಯ ಮೇಲಿನ ಉಳಿದವರಿಗಾಗಿ. ಲೈಸೆನ್ಸ್ ತೆಗೆಯುವಾಗ ಎಲ್ಲರೂ ಈ ಮಾತಿಗೆ ತಲೆಯಾಡಿಸಿದವರೇ. ಲೈಸೆನ್ಸ್ ಕಿಸೆಗೆ ಬಿದ್ದ ಮರುದಿನ ಮರೆತವರೇ.

ಜಮಖಂಡಿಯ ಚನಮಲ್ಲಪ್ಪನಿಗೆ ಬನಹಟ್ಟಿಯಲ್ಲಿ ನೂಲಿನ ಅಂಗಡಿ. ಹೆಂಡತಿ ರಾಜಶ್ರೀ ರಬಕವಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರಿಣಿ. ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಒಂದೇ ರಸ್ತೆ ಹಿಡಿಯುತ್ತಾರೆ. ಆದರೆ ಆಕೆಯ ಶಾಲೆ ಬಿಡುವುದು ನಾಲ್ಕೂವರೆಗೆ, ಈತನ ಅಂಗಡಿ ಮುಚ್ಚುವುದು ಎಂಟಕ್ಕೆ. ಹೀಗಾಗಿ ಮುಂದೆ ಯಜಮಾನರ ಕಾರು, ಹಿಂದೆ ಯಜಮಾನಿತಿಯ ಸ್ಕೂಟಿ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನುಸುಳುತ್ತ ರಾಜಶ್ರೀ ದಾರಿ ಹಿಡಿಯುತ್ತಿದ್ದದ್ದು ಗಂಡನ ಕಾರಿನ ಹಿಂದಿನ ದೀಪ ನೋಡಿ. ಹನ್ನೊಂದು ವರ್ಷದ ಹಳೆಯ ಕಾರು. ಬಾಗಿಲು ಕಿರುಗುಟ್ಟುತ್ತಿತ್ತು, ಹಾರ್ನು ಕೆಮ್ಮುತ್ತಿತ್ತು, ದೀಪ ಮಾತ್ರ ಎಂದೂ ಸುಳ್ಳು ಹೇಳಿರಲಿಲ್ಲ.

ಕೇಡು ಬಂದದ್ದು ರಘೂತ್ತಮರಾಯರ ಹೊಸ ಕಾರಿನಿಂದ. ಬನಹಟ್ಟಿಯ ಈ ನಿವೃತ್ತ ಬ್ಯಾಂಕ್ ಮ್ಯಾನೇಜರು ದಿನಾ ನೂಲಿನ ಅಂಗಡಿಗೆ ಚಹಾಕ್ಕೆ ಬರುವವರು. ಅವರ ಹೊಸ ಗಾಡಿಯ ಸಿಗ್ನಲ್ ಚಕ್ಕನೆ ಹತ್ತಿ ಚಕ್ಕನೆ ಆರುತ್ತಿತ್ತು. ಚನಮಲ್ಲಪ್ಪನದು ನಿದ್ದೆಗಣ್ಣಿನಲ್ಲಿ ರೆಪ್ಪೆ ಬಡಿಯುವ ಹಳದಿ ಬಲ್ಬು. ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು. ಆ ವಾರವೇ ಆನ್‌ಲೈನಿನಲ್ಲಿ ನಾಲ್ಕು ಎಲ್‌ಇಡಿ ಬಲ್ಬುಗಳು ಮನೆಗೆ ದಯಮಾಡಿಸಿದವು.

ರವಿವಾರ ಅಂಗಳದಲ್ಲಿ ಶಸ್ತ್ರಚಿಕಿತ್ಸೆ. ಬಿಚ್ಚಿದ್ದು ಎಂಟು ಸ್ಕ್ರೂ, ಮರಳಿ ಹಾಕಿದ್ದು ಆರು (ಉಳಿದೆರಡು ಕಾರು ಮಾಡಿದವರ ದುಂದುವೆಚ್ಚವೆಂದು ಸ್ಥಳದಲ್ಲೇ ತೀರ್ಪಾಯಿತು). ಕೀಲಿ ತಿರುವಿ ಎಡ ಸಿಗ್ನಲ್ ಹಾಕಿದ. ಟಿಕ್, ಟಿಕ್ ಎನ್ನಬೇಕಾದ ಕಾರು ಟಿಕಟಿಕಟಿಕಟಿಕ ಎಂದು ಬಾಯಿ ಬಡಿದುಕೊಳ್ಳತೊಡಗಿತು.

“ಏನ್ರೀ ಇದು? ಕಾರಿಗೆ ಹುಚ್ಚನಾಯಿ ಬೆನ್ನ ಹತ್ತಿದಂಗ ಆಗೇತಲ್ಲ!” ರಾಜಶ್ರೀ ಒಳಗಿನಿಂದ ಓಡಿ ಬಂದಳು.

“ನಿನಗೇನ ತಿಳಿತೈತಿ? ಎಲ್‌ಇಡಿ ಅಂದ್ರ ಹಂಗ. ಫಾಸ್ಟ್ ಇರತೈತಿ.”

ಮರುದಿನ ಅಂಗಡಿಯ ಮುಂದೆ ಆ ಫಾಸ್ಟ್ ದೀಪವನ್ನು ನೋಡಿ ರಘೂತ್ತಮರಾಯರು ಚಹಾದ ಬಟ್ಟಲು ಕೆಳಗಿಟ್ಟರು. “ಅಲ್ರೀ ಚನಮಲ್ಲಪ್ಪ, ನಿಮ್ಮ ಗಾಡಿಗೆ ಚಳಿಜ್ವರ ಬಂದದೇನು? ಗಡಗಡ ನಡಗ್ಲಿಕ್ಕತ್ತದಲ್ಲ! ಒಂದು ಕೌದಿ ಹೊಚ್ರಿ ಪಾಪ!” ನೂಲಿನ ಓಣಿಗೆ ಓಣಿಯೇ ನಕ್ಕಿತು. ಹಮಾಲರೂ ನಕ್ಕರು. ಚನಮಲ್ಲಪ್ಪನ ಕಿವಿ ಕೆಂಪಾದವು.

ಅಂದು ಸಂಜೆ ಅವನು ಹೆಂಡತಿಯನ್ನೂ ಕರೆದುಕೊಂಡು ಜಮಖಂಡಿಯ ಗಾಡಿ ಇಲೆಕ್ಟ್ರಿಶಿಯನ್ ಧರ್ಮರಾಜನ ಕಡೆಗೆ ಹೋದ. ಧರ್ಮರಾಜ ಒಂದು ಸಲ ಸಿಗ್ನಲ್ ಹಾಕಿ, ಸಪ್ಪಳ ಕೇಳಿ, ಮುಗುಳ್ನಕ್ಕ.

“ಮಾಲಕರ, ಎಲ್‌ಇಡಿ ಕರೆಂಟ್ ಭಾಳ ಕಡಿಮಿ ತಿಂತೈತ್ರಿ. ಗಾಡಿಗೆ ಬಲ್ಬು ಸುಟ್ಟೈತಿ ಅಂತ ಅನಸ್ತೈತಿ. ಅದಕ್ಕ ಹಿಂಗ ಹೊಯ್ಕೊಂತೈತಿ. ಎಲ್‌ಇಡಿಗಂತ ದೀಪ ಮಿಣಕಿಸೂ ಬ್ಯಾರೆ ಫ್ಲ್ಯಾಶರ್ ರಿಲೇ ಬರತೈತಿ, ಹುಬ್ಬಳ್ಳಿಯಿಂದ ತರಸ್ತೀನಿ. ನಾಕ ದಿನ ತಡೀರಿ. ಅಲ್ಲೀತನಕ ಹಳೇ ಬಲ್ಬು ಹಾಕ್ಕೊಂಡು ಅಡ್ಡಾಡ್ರಿ.”

“ಹಂಗ ಮಾಡ್ರಿ,” ಎಂದಳು ರಾಜಶ್ರೀ.

“ನಾಕ ದಿನ ಆ ಹಳದಿ ಬಲ್ಬು ಹಾಕ್ಕೊಂಡು ರಾಯರ ಮುಂದ ಹೋಗ್ಲೇನು? ಎಲ್‌ಇಡಿ ಜೀರ್ಣ ಆಗಲಿಲ್ಲ ಅಂತಾರ ಅವರು!”

“ರಾಯರು ನಿಮ್ಮನ್ನ ದಿನಕ್ಕ ಒಮ್ಮಿ ನೋಡ್ತಾರ. ನಿಮ್ಮ ಬೆನ್ನ ಹಿಂದ ದಿನಾ ಅಷ್ಟು ದೂರ ಬರಾಕಿ ನಾನು. ಆ ದೀಪ ತಪ್ಪಿದ್ರ ಮುರಿಯೂದು ರಾಯರ ಕೈಕಾಲಲ್ಲ, ನನ್ನವು. ತಿಳೀತೇನ್ರಿ?”

ತಿಳಿಯಲಿಲ್ಲ. ಮರ್ಯಾದೆ ಮತ್ತು ಹೆಂಡತಿಯ ಕೈಕಾಲು ಎರಡನ್ನೂ ತೂಗಿದಾಗ ನಮ್ಮ ಗಂಡಸರ ತಕ್ಕಡಿ ಯಾವ ಕಡೆ ವಾಲುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಮೊಬೈಲಿನಲ್ಲಿ ಒಬ್ಬ ಮಹಾಗುರು ಸಿಕ್ಕ. ದೀಪದ ತಂತಿಗೆ ಒಂದು ರೆಸಿಸ್ಟರ್ ಕಟ್ಟಿದರೆ ಸಾಕಂತೆ. ಅದು ಬಲ್ಬಿನ ಪಾಲಿನ ಕರೆಂಟನ್ನು ತಾನೇ ತಿಂದು ತೇಗುತ್ತದೆ, ಗಾಡಿ ಎಲ್ಲವೂ ಸರಿಯಿದೆಯೆಂದು ನಂಬಿ ತಣ್ಣಗಾಗುತ್ತದೆ. ಆ ವಸ್ತು ಹಂಚಿನ ಹಾಗೆ ಕಾಯುತ್ತದೆ, ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ತಗಡಿಗೆ ಬಿಗಿಯಿರಿ ಎಂದು ಗುರು ಹೇಳುವ ಹೊತ್ತಿಗೆ ಶಿಷ್ಯ ವಿಡಿಯೋವನ್ನು ಹತ್ತು ಸೆಕೆಂಡು ಮುಂದಕ್ಕೆ ಹಾರಿಸಿದ್ದ. ಮುಧೋಳಕ್ಕೆ ಹೋಗಿ ಹಳೆಯ ಟಿವಿ ರಿಪೇರಿಯವನ ಡಬ್ಬಿಯಿಂದ ರೆಸಿಸ್ಟರುಗಳನ್ನು ಆರಿಸಿ ತಂದ. ದೀಪದ ಪ್ಲಾಸ್ಟಿಕ್ ಹೋಲ್ಡರಿಗೇ ಅವುಗಳನ್ನು ಟೇಪಿನಿಂದ ಸುತ್ತಿ, ಉಸಿರು ಬಿಗಿಹಿಡಿದು ಸಿಗ್ನಲ್ ಹಾಕಿದ.

ಟಿಕ್. ಟಿಕ್. ಟಿಕ್.

“ಜ್ವರ ಇಳೀತು!” ಎಂದು ಅಂಗಳದಲ್ಲಿ ಜಿಗಿದ.

“ಏನೋ ಸುಟ್ಟ ವಾಸನಿ ಬರಾಕತ್ತೈತಿ ನೋಡ್ರಿ,” ಎಂದಳು ರಾಜಶ್ರೀ, ಮೂಗು ಎತ್ತಿ.

“ಒಳಗ ನಿನ್ನ ಬದ್ನಿಕಾಯಿ ಸುಡಾಕತ್ತಿರಬೇಕು. ಹೋಗಿ ನೋಡ ಹೋಗು.”

ಅಂದು ಮನೆಯಲ್ಲಿ ಬದನೆಕಾಯಿಯೇ ಇರಲಿಲ್ಲ.

ನಮ್ಮಲ್ಲಿ ರಿಪೇರಿ ಎಂದರೆ ಇಷ್ಟೇ, ದೂರು ಹೇಳುವ ಬಾಯಿಯನ್ನು ಮುಚ್ಚಿಸುವುದು. ಗಟಾರ ನಾತ ಹೊಡೆದರೆ ಊದಿನಕಡ್ಡಿ ಹಚ್ಚುತ್ತೇವೆ. ಗೋಡೆ ಬಿರುಕು ಬಿಟ್ಟರೆ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕುತ್ತೇವೆ. ಹೆಂಡತಿ ಕೂಗಿದರೆ ಟಿವಿಯ ಸಪ್ಪಳ ಏರಿಸುತ್ತೇವೆ. ಆ ಕಾರು ಮೂಕ ಯಂತ್ರವಾದರೂ ಪ್ರಾಮಾಣಿಕವಾಗಿತ್ತು. ನನ್ನ ದೀಪದಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ ನೋಡಪ್ಪಾ ಎಂದು ತನಗೆ ಬರುವ ಒಂದೇ ಮಾತಿನಲ್ಲಿ ಒದರಿತು. ಚನಮಲ್ಲಪ್ಪ ಅದಕ್ಕೆ ಸುಳ್ಳು ಕಲಿಸಿದ. ಇನ್ನು ದೀಪ ಸತ್ತು ಸ್ವರ್ಗ ಸೇರಿದರೂ ಒಳಗೆ ಟಿಕ್ ಟಿಕ್ ಎಂದು ಶಾಂತಿಮಂತ್ರ ನಡೆದೇ ಇರುತ್ತದೆ.

ನಡೆಯಿತು ಕೂಡ. ಗುರುವಾರ ಬೆಳಿಗ್ಗೆ ಎಂದಿನಂತೆ ಇಬ್ಬರೂ ಹೊರಟರು. ಬನಹಟ್ಟಿ ಮುಟ್ಟಿದಾಗ ಚನಮಲ್ಲಪ್ಪನಿಗೆ ಒಂದು ದಿವ್ಯ ವಿಚಾರ ಹೊಳೆಯಿತು. ಅಂಗಡಿಗೆ ನೆಟ್ಟಗೆ ಹೋಗುವ ಬದಲು ಎಡಗಡೆಯ ಓಣಿಗೆ ಹೊರಳಿದರೆ ರಘೂತ್ತಮರಾಯರ ಮನೆ. ರಾಯರು ಈಗ ಕಟ್ಟೆಯ ಮೇಲೆ ಪೇಪರ್ ಓದುತ್ತಿರುತ್ತಾರೆ. ಅವರ ಮೂಗಿನ ಮುಂದೆಯೇ ಸಿಗ್ನಲ್ ಹಾಕಿ ತೋರಿಸಿಬಿಡೋಣ! ಎಡಗಡೆಯ ಸಿಗ್ನಲ್ ಒತ್ತಿದ. ಟಿಕ್, ಟಿಕ್ ಎಂದಿತು. ಆ ನಾದದ ಮಾಧುರ್ಯದಲ್ಲಿ ಕನ್ನಡಿಯನ್ನೂ ನೋಡದೆ ಸ್ಟಿಯರಿಂಗ್ ಹೊರಳಿಸಿದ.

ಧಡ್!

ಎಡಮಗ್ಗುಲಿನ ಬಾಗಿಲಿಗೆ ಒಂದು ಸ್ಕೂಟಿ ಬಂದು ಬಡಿದಿತ್ತು. ಚನಮಲ್ಲಪ್ಪ ಹಾರಿ ಕೆಳಗಿಳಿದ. ಮೊದಲು ನೋಡಿದ್ದು ಬಾಗಿಲಿನ ತಗ್ಗನ್ನು. ತಗ್ಗು ನೋಡುತ್ತಲೇ ಒದರಿದ.

“ಕಣ್ಣ ಕಾಣ್ಸೂದಿಲ್ಲೇನು? ಸಿಗ್ನಲ್ ಹಾಕೀನಿ! ಎಲ್‌ಇಡಿ ಸಿಗ್ನಲ್! ಇಂಥಾವ್ರಿಗೆ ಗಾಡಿ ಕೊಟ್ಟಾವ ಯಾವನು? ಮನ್ಯಾಗ ಗಂಡ ಅನ್ನಾವ ನಾಕ ಬುದ್ಧಿಮಾತು ಹೇಳಿಲ್ಲೇನು?”

ರಸ್ತೆಯ ಮೇಲೆ ಕುಳಿತಿದ್ದಾಕೆ ಎಡಗೈಯಿಂದ ಹೆಲ್ಮೆಟ್ ತೆಗೆದಳು.

“ಹೇಳ್ಯಾನ್ರಿ,” ಎಂದಳು ರಾಜಶ್ರೀ. “ಎಲ್‌ಇಡಿ ಅಂದ್ರ ಹಂಗ, ಅಂತ ಹೇಳ್ಯಾನ.”

ಬಲಗೈ ಮಣಿಕಟ್ಟು ನೋಡನೋಡುತ್ತಲೇ ಊದಿಕೊಂಡಿತ್ತು. ಜನ ಕೂಡಿತು. ಮೂಲೆಯಲ್ಲಿ ಹೂವು ಮಾರುವ ಸಾವಕ್ಕ ಓಡಿ ಬಂದು ರಾಜಶ್ರೀಯನ್ನು ಎಬ್ಬಿಸಿ ಕೂಡಿಸಿದಳು, ನೀರು ಕುಡಿಸಿದಳು. ಆಮೇಲೆ ಚನಮಲ್ಲಪ್ಪನ ಕಡೆ ತಿರುಗಿದಳು. “ನಾ ಇಲ್ಲೇ ಕುಂತ ನೋಡೀನಿ. ದೀಪ ಎಲ್ಲಿ ಹಚ್ಚೀರೋ ಎಪ್ಪಾ?”

“ಹಚ್ಚೀನಿ! ತಡೀರಿ, ತೋರಸ್ತೀನಿ!” ಚನಮಲ್ಲಪ್ಪ ಒಳಗೆ ಹಾರಿ ಕುಳಿತು ಸಿಗ್ನಲ್ ಹಾಕಿದ. “ಹತ್ತಿತಿಲ್ಲೋ?”

“ಇಲ್ಲ!” ಹಿಂದೆ ನಿಂತ ಮೂವತ್ತು ಮಂದಿ ಒಂದೇ ದನಿಯಲ್ಲಿ ಕೂಗಿದರು.

“ಟಿಕ್ ಟಿಕ್ ಅನ್ನಾಕತ್ತೈತಿ, ಕೇಳ್ರಿಲ್ಲೆ!”

“ಅದು ನಿಮಗ ಕೇಳತೈತ್ರೀ ಸಾವ್ಕಾರ,” ಎಂದಳು ಸಾವಕ್ಕ. “ಹಿಂದ ಬರೂ ಆ ಅಕ್ಕಾರಿಗೆ ಹೆಂಗ ಕೇಳಬೇಕು?”

ಸಾಯಂಕಾಲ ಧರ್ಮರಾಜ ಬಂದು ಹಿಂದಿನ ದೀಪ ಬಿಚ್ಚಿದ. ಹೋಲ್ಡರು ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿತ್ತು. ಬಲ್ಬು ಅದರಲ್ಲಿ ಹೂತು ಸತ್ತಿತ್ತು. ಅವನು ರಿಲೇ ಹಾಕಿದ, ಹೊಸ ಹೋಲ್ಡರು ಹಾಕಿದ, ರೆಸಿಸ್ಟರುಗಳನ್ನು ಕಿತ್ತು ಚನಮಲ್ಲಪ್ಪನ ಅಂಗೈಯಲ್ಲಿಟ್ಟು ಹೋದ.

ರಾಜಶ್ರೀಯ ಕೈಗೆ ಆರು ವಾರದ ಪ್ಲಾಸ್ಟರು. ಈಗ ಆಕೆಯನ್ನು ಶಾಲೆಗೆ ಬಿಡುವವನೂ ಚನಮಲ್ಲಪ್ಪ, ನಾಲ್ಕೂವರೆಗೆ ಅಂಗಡಿ ಬಿಟ್ಟು ಕರೆತರುವವನೂ ಅವನೇ, ಜಡೆ ಹೆಣೆಯುವವನೂ ಅವನೇ (ಮೊದಲ ವಾರದ ಜಡೆ ನೋಡಿ ಒಂಬತ್ತನೇ ತರಗತಿ ಬಿದ್ದು ಬಿದ್ದು ನಕ್ಕಿತಂತೆ). ದಿನಾ ಬೆಳಿಗ್ಗೆ ಆಕೆ ಕಾರು ಹತ್ತುವ ಮುನ್ನ ಕುತ್ತಿಗೆಗೆ ಕೈ ತೂಗುಹಾಕಿಕೊಂಡು ಗಾಡಿಯ ಹಿಂದೆ ನಿಲ್ಲುತ್ತಾಳೆ. “ಎಡಕ್ಕ!” ಎನ್ನುತ್ತಾಳೆ. ಅವನು ಒಳಗಿಂದ ಎಡಕ್ಕೆ ಹಾಕುತ್ತಾನೆ. “ಬಲಕ್ಕ! ಬ್ರೇಕ್ ತುಳೀರಿ! ಇನ್ನೊಮ್ಮಿ!” ಓಣಿಯ ಹೆಂಗಸರು ರಂಗೋಲಿ ಬಿಟ್ಟು ನಿಂತು ನೋಡುತ್ತಾರೆ.

ನಗುವವರು ನಗಲಿ. ಸಿಟ್ಟು ಬರುವುದು ಮುಂದಿನದಕ್ಕೆ. ರಾಜಶ್ರೀಯನ್ನು ಮಾತಾಡಿಸಲು ಬಾಳೆಹಣ್ಣು ಹಿಡಿದು ಹದಿನೇಳು ಮಂದಿ ಬಂದರು. ಅವರಲ್ಲಿ ಹನ್ನೊಂದು ಮಂದಿ ಹೋಗುವಾಗ ಅಂಗಳದಲ್ಲಿ ನಿಂತು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ದನಿ ತಗ್ಗಿಸಿ ಕೇಳಿದ್ದು ಒಂದೇ ಮಾತು: “ಎಲ್‌ಇಡಿ ಛಲೋ ಕಾಣತಾವಲ್ರೀ, ಎಲ್ಲಿ ತಗೊಂಡ್ರಿ?”

ಓದುಗರೇ, ನೀವೂ ಅದನ್ನೇ ಕೇಳಬೇಕೆಂದಿದ್ದರೆ ಬಾಯಿ ಮುಚ್ಚಿ. ಈ ಪುಟವನ್ನು ಕೆಳಗಿಡಿ. ನಿಮ್ಮ ಗಾಡಿಯ ಕೀಲಿಯನ್ನು ಮನೆಯವರ ಕೈಗೆ ಕೊಟ್ಟು, ನೀವು ಹೋಗಿ ಆ ಗಾಡಿಯ ಹಿಂದೆ ನಿಂತು, ಒಂದೊಂದೇ ದೀಪ ಹತ್ತುವುದನ್ನು ಕಣ್ಣಾರೆ ನೋಡಿ ಬನ್ನಿ. ನಾಳೆ ಅಲ್ಲ, ಈಗ. ಏಳಿ!