ಇಂಗಿನ ಡಬ್ಬಿಯಲ್ಲಿ ಚಂದ್ರ

ಅಡುಗೆಮನೆಯ ಖಾಲಿ ಡಬ್ಬಗಳನ್ನು ಕೊಯ್ದು ದೂರದರ್ಶಕಕ್ಕೆ ಬಿಡಿಭಾಗ ಮಾಡಿಕೊಳ್ಳುವವನಿಗೆ ನೆಮ್ಮದಿ ಅನ್ನುವುದು ಇಲ್ಲ. ಯಾವುದು ಯಾವಾಗ ಕಳಚಿ ಬೀಳುತ್ತದೋ, ಯಾರ ಮುಂದೆ ಮಾನ ಹೋಗುತ್ತದೋ ಎಂದು ಎದೆ ಸದಾ ಡವಡವ. ನಾನು ಕವಲಂದೆ ಕಡೆಯ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಮನೆ ನಂಜನಗೂಡು.

ಒಗ್ಗರಣೆ

ಕಣ್ಣಿಡುವ ಕಡೆ ಹೊರಗಿನ ಬೆಳಕು ನುಗ್ಗದಂತೆ ಒಂದು ಮರೆ ಬೇಕಿತ್ತು. ಇಂಗಿನ ಡಬ್ಬಿಯ ತಳ ಕೊಯ್ದು ಸಿಕ್ಕಿಸಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಸಂಜೆ ಶಾಲೆಯ ಅಂಗಳದಲ್ಲಿ ಪಂಚಮಿಯ ಚಂದ್ರ. ಮೊದಲು ನೋಡಬೇಕಾದವರು ನಮ್ಮ ಹೆಡ್‌ಮೇಡಂ. ಅವರಿಗೆ ಹಿಡಿಸದಿದ್ದರೆ ದೂರದರ್ಶಕ ಬೀರು ಸೇರುತ್ತಿತ್ತು.

ಬಗ್ಗಿ ಕಣ್ಣಿಟ್ಟವರು ಮೂಗು ಅರಳಿಸಿದರು.

"ಕಾಣ್ತಿಲ್ವಾ ಮೇಡಂ?"

"ಚೆನ್ನಾಗೇ ಕಾಣ್ತಿದೆ. ಚಂದ್ರಂಗೆ ಒಗ್ಗರಣೆ ಹಾಕಿದ್ದು ಯಾರು ಮೇಷ್ಟ್ರೇ?"

ಮಸೂರ

ತಿ. ನರಸೀಪುರದಲ್ಲಿ ಶಿಕ್ಷಕರ ತರಬೇತಿ. ಲೆನ್ಸುಗಳನ್ನು ಹತ್ತಿಯಲ್ಲಿ ಸುತ್ತಿ, ಹೆಂಡತಿಯ ಹಳೇ ಸ್ಟೀಲ್ ಡಬ್ಬಿಯಲ್ಲಿಟ್ಟು ಬಸ್ ಹತ್ತಿದೆ. ರಸ್ತೆಯ ಒಂದೊಂದು ಉಬ್ಬಿಗೂ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದೆ.

ಪಕ್ಕದಲ್ಲಿದ್ದ ಅಜ್ಜಿ ಕೇಳಿತು, "ಅದೇನ್ ಸಾ ಅದು, ಮಗೀನಂಗೆ ತಬ್ಕೊಂಡು ಕುಂತಿದ್ದೀರಿ?"

"ಮಸೂರ ಕಣಮ್ಮ," ಅಂದೆ. ಲೆನ್ಸಿಗೆ ಹಾಗನ್ನುವುದು ಕನ್ನಡದಲ್ಲಿ ಪಾಠ ಮಾಡಿ ಮಾಡಿ ಬಂದ ಅಭ್ಯಾಸ.

ಅಷ್ಟರಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಡಬ್ಬಿ ಕೈಜಾರಿ ಸೀಟಿನಡಿ ಉರುಳಿತು. ಹತ್ತಿಯ ಪುಣ್ಯದಿಂದ ಏನೂ ಆಗಿಲ್ಲವೆಂದು ಆಮೇಲೆ ಗೊತ್ತಾಯಿತು. ಆಗ ಮಾತ್ರ ಜೀವ ಬಾಯಿಗೆ ಬಂದು, "ಅಯ್ಯೋ, ಒಡೆದೋಯ್ತು!" ಎಂದು ಕೂಗಿಬಿಟ್ಟೆ.

ಅಜ್ಜಿ ಸಮಾಧಾನ ಮಾಡಿತು: "ಒಡೀಲಿ ಬುಡಿ ಸಾ. ಒಡುದ್ರೇನೆ ಅಲ್ವಾ ಬ್ಯಾಳೆ ಆಗೋದು?"

ಸೂರ್ಯನ ಕಲೆ

ಮೂಗೂರಿನ ಶಾಲೆಯವರು ಕರೆದಿದ್ದರು. ಅಲ್ಲಿನ ಮಕ್ಕಳನ್ನು ಮೈಸೂರಿನ ವಿಜ್ಞಾನ ಪ್ರದರ್ಶನಕ್ಕೆ ಕಳಿಸಬೇಕೆಂದರೆ ಇಲಾಖೆಯ ಸಾಹೇಬರು ಸಹಿ ಹಾಕಬೇಕು. ಮೇಷ್ಟ್ರು ತೋರಿಸುವುದನ್ನು ನೋಡಿ ನಿರ್ಧರಿಸುತ್ತೇನೆ ಅಂದಿದ್ದರು.

ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣೇ ಹೋಗುತ್ತದೆ. ಅದಕ್ಕೆ ದೂರದರ್ಶಕದಿಂದ ಬರುವ ಬಿಂಬ ಬೆಲ್ಲ ತುಂಬಿಡುತ್ತಿದ್ದ ಒಂದು ಬಿಳೀ ಡಬ್ಬದೊಳಗೆ ಬೀಳುವ ಹಾಗೆ ಮಾಡಿದ್ದೆ. ಯಾವ ಮಗು ಎಲ್ಲಿ ದೂರದರ್ಶಕಕ್ಕೇ ಕಣ್ಣಿಟ್ಟೀತೋ ಎಂದು ಕಾವಲು ನಿಂತಿದ್ದೆ. ಜೊತೆಗೆ ಇನ್ನೊಂದು ದಿಗಿಲು: ಇವತ್ತು ಸೂರ್ಯನ ಮೇಲೆ ಕಲೆಯೇ ಇಲ್ಲದಿದ್ದರೆ?

ಸಾಹೇಬರು ಡಬ್ಬದೊಳಗೆ ಇಣುಕಿದರು. "ಇಲ್ಲೊಂದು ಕಪ್ಪು ಚುಕ್ಕೆ ಇದೆಯಲ್ರೀ!"

ಹೋದ ಜೀವ ಬಂದಂತಾಯಿತು. "ಅದೇ ಸಾರ್ ಸೂರ್ಯನ ಕಲೆ! ನೋಡಕ್ಕೆ ಚಿಕ್ಕದು, ನಮ್ಮ ಭೂಮಿಗಿಂತ ದೊಡ್ಡದು!"

"ಚಲಿಸ್ತಿದೆ!"

"ಸೂರ್ಯ ತಿರುಗ್ತಾನಲ್ಲ ಸಾರ್!"

ಇಷ್ಟು ಬೇಗ ತಿರುಗುತ್ತಾನೆಯೇ ಎಂದು ನನಗೇ ಅನುಮಾನ ಬರುವಷ್ಟರಲ್ಲಿ ಸಾಹೇಬರು ಚುಕ್ಕೆಯ ಮೇಲೆ ಬೆರಳಿಟ್ಟಿದ್ದರು. ಮರುಕ್ಷಣ "ಹಾ!" ಎಂದು ಕೈ ಹಿಂದೆಳೆದುಕೊಂಡರು. ಬೆರಳಿನ ತುದಿಯಲ್ಲಿ ಕಪ್ಪು ಕಟ್ಟಿರುವೆ ನೇತಾಡುತ್ತಿತ್ತು.

ಮಕ್ಕಳಿಗೆ ಪ್ರದರ್ಶನ ಕೈತಪ್ಪಿತು ಅಂದುಕೊಂಡೆ. ಸಾಹೇಬರು ಇರುವೆ ಕೊಡವಿ, ಕಾಗದ ಕೇಳಿ ಪಡೆದು, ಊದಿದ ಬೆರಳಲ್ಲೇ ಸಹಿ ಹಾಕಿದರು. ಹಾಕಿ ನನ್ನತ್ತ ತಿರುಗಿ ಅಂದರು:

"ಭೂಮಿಗಿಂತ ದೊಡ್ಡದು ಅಂದ್ರಲ್ಲ ಮೇಷ್ಟ್ರೇ, ನಿಜ. ಉರಿ ನೋಡಿದ್ರೇ ಗೊತ್ತಾಗುತ್ತೆ!"