ರಾಕೆಟ್ ಹೊದ್ದ ಕಂಬಳಿ

ಪತ್ರಿಕೆಯನ್ನು ಕೆಂಪು ಪೆನ್ನು ಹಿಡಿದು ಓದುವವನು ಮೊಳಕಾಲ್ಮೂರಿನಲ್ಲಿ ನಾನೊಬ್ಬನೇ ಇರಬೇಕು. ಗಣಿತದ ಮೇಷ್ಟ್ರಾದ ನನಗೆ ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ದೇವಸಮುದ್ರದಲ್ಲಿ ನಾಲ್ಕು ಹನಿ ಉದುರಿದರೆ ಭಾರಿ ಮಳೆ ಎಂದು ಬರೆಯುತ್ತಾರೆ. ಒಬ್ಬರ ಸನ್ಮಾನಕ್ಕೆ ಇನ್ನೊಬ್ಬರ ಫೋಟೊ ಹಾಕುತ್ತಾರೆ. ಅದಕ್ಕೆಲ್ಲ ಗೆರೆ ಎಳೆದು, ಅವ್ವನಿಗೆ ಓದಿ ಹೇಳಿ, "ಪೇಪರಿನವರು ಬರೆಯೋದೆಲ್ಲ ಸುಳ್ಳು ಕಣವ್ವ" ಎಂದು ಮುಗಿಸಿದರೇನೇ ನನಗೆ ಬೆಳಗಿನ ಕಾಫಿ ರುಚಿಸುತ್ತಿತ್ತು. ಸಾಫ್ಟ್‌ವೇರಿನ ಮೇಲೂ ನನಗೆ ಇಂಥದೇ ಸಿಟ್ಟು. ನಿನ್ನೆ ಇದ್ದ ಬಟನ್ ಇವತ್ತು ಅಲ್ಲಿರುವುದಿಲ್ಲ. ಕೇಳಿದರೆ ಅಪ್‌ಡೇಟ್ ಆಗಿದೆ ಎನ್ನುತ್ತಾರೆ. ನಮ್ಮವ್ವ ಉಪ್ಪಿನ ಡಬ್ಬಿಯನ್ನು ನನ್ನ ಮದುವೆಗೆ ಮುಂಚೆ ಇಟ್ಟ ಜಾಗದಿಂದ ಈವರೆಗೆ ಕದಲಿಸಿಲ್ಲ. ಆ ಕಂಪನಿಗಳವರನ್ನು ಒಂದು ತಿಂಗಳು ಅವಳ ಅಡುಗೆಮನೆಯಲ್ಲಿ ಕೂರಿಸಬೇಕು.

ಇಷ್ಟೆಲ್ಲ ಬೈದರೂ ವೆಬ್‌ಸೈಟ್ ಕಟ್ಟುವ ಚಪಲ ಮಾತ್ರ ನನ್ನನ್ನು ಬಿಟ್ಟಿಲ್ಲ. ನಮ್ಮಕ್ಕನ ಗಂಡ ಈರಣ್ಣ ಭಾವ ಚಳ್ಳಕೆರೆಯಲ್ಲಿ ಕಂಬಳಿ ನೇಯ್ದು ಮಾರುತ್ತಾರೆ. ಅವರು ಬೇಡವೆಂದರೂ ಕೇಳದೆ ಅವರ ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಪುಕ್ಕಟೆ ಸಿಕ್ಕಿದ ಮಾದರಿ ಪುಟದ ನೆತ್ತಿಯ ಮೇಲೆ ಒಂದು ರಾಕೆಟ್ ಹಾರುತ್ತಿತ್ತು. ಎಷ್ಟು ತಿಣುಕಿದರೂ ಅದನ್ನು ಅಳಿಸಲು ಬರಲಿಲ್ಲ. ನೋಡಲು ಚೆನ್ನಾಗಿಯೇ ಇದೆಯಲ್ಲ ಎಂದು ಬಿಟ್ಟೆ. ನಕ್ಷೆಯಲ್ಲಿ ಅಂಗಡಿಯ ಗುರುತು ಇಡುವಾಗ ಬೆರಳು ಜಾರಿ, ಅದು ಉಳ್ಳಾರ್ತಿ ಕಾವಲಿನ ಕಡೆ ಬಾಹ್ಯಾಕಾಶ ಸಂಶೋಧನೆಯವರ ಬೇಲಿಯೊಳಗೆ ಹೋಗಿ ಕೂತಿತು. ಇನ್ನು, ನೂಲು ಗಟ್ಟಿಯಾಗಲೆಂದು ಅಕ್ಕ ಹುಣಸೆಬೀಜ ಅರೆದು ಕುದಿಸಿ ಅದರ ಗಂಜಿ ಹಚ್ಚುತ್ತಾಳೆ. ಗಂಜಿ ಎಂದರೆ ಗತ್ತಿಲ್ಲವೆಂದು ನಾನು "ಶಾಖ, ಚಳಿ ಎರಡನ್ನೂ ತಡೆಯುವ ವಿಶೇಷ ಲೇಪನ" ಎಂದು ಬರೆದೆ.

ಮುಂದಿನ ವಾರ ಒಂದು ಸ್ಥಳೀಯ ಪತ್ರಿಕೆ ಇದನ್ನೆಲ್ಲ ಒಟ್ಟಿಗೆ ನೇಯ್ದು, "ರಾಕೆಟ್‌ಗೆ ಚಳ್ಳಕೆರೆ ಕಂಬಳಿಯ ಕವಚ" ಎಂದು ಮುಖಪುಟದಲ್ಲೇ ಹಾಕಿತು. ಅವ್ವ ಅಕ್ಕಪಕ್ಕದ ಮನೆಗಳಿಗೆ ಸಕ್ಕರೆ ಹಂಚಿ ಬಂದಳು. ಅಷ್ಟರಲ್ಲಿ ಭಾವನ ಫೋನು.

"ಏನಪ್ಪಾ ಇದು? ಪರಶುರಾಂಪುರದಿಂದ ಟ್ರ್ಯಾಕ್ಟರ್ ಮಾಡ್ಕೊಂಡು ಜನ ಬಂದವ್ರೆ. ರಾಕೆಟ್ ಕಂಬಳಿನೇ ಬೇಕಂತೆ. ನಾನೆಲ್ಲಿಂದ ತರ್ಲಿ? ನಾಳೆ ಇವ್ನು ಸುಳ್ಳು ಹೇಳಿ ಮಾರ್ದ ಅಂದ್ರೆ ನಮ್ಮಪ್ಪ ಉಳಿಸ್ಕೊಂಡು ಬಂದ ಹೆಸರು ಹೋಗ್ತೈತೆ. ಮೊದ್ಲು ಸರಿ ಮಾಡು."

ಇಂಥ ಸುಸಂದರ್ಭಕ್ಕಾಗಿಯೇ ನಾನು ಕಾದಿದ್ದವನು. ಸಂಪಾದಕರಿಗೆ ಫೋನ್ ಹಚ್ಚಿ, ಪತ್ರಿಕಾಧರ್ಮದ ಮೇಲೆ ಒಂದು ಪೀರಿಯಡ್ ಪಾಠ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಿಮ್ಮ ವೆಬ್‌ಸೈಟ್ ನೋಡೇ ಬರ್ದಿದ್ದು ಸಾರ್. ಅದ್ರಾಗಿರೋದು ಸುಳ್ಳಾ?" ಎಂದರು. ಪಾಠ ನಿಲ್ಲಿಸಿ, ದಮ್ಮಯ್ಯ ಎಂದು ತಿದ್ದುಪಡಿಗೆ ಬೇಡಿಕೊಂಡೆ. ರಾಕೆಟ್ಟಿನ ಮಾದರಿ ಪುಟವನ್ನೇ ಬದಲಿಸಿ ವೆಬ್‌ಸೈಟನ್ನೂ ಸರಿಮಾಡಿದೆ. ಮರುದಿನ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಬಂತು. ಕೆಂಪು ಪೆನ್ನು ಹಿಡಿದು ಹುಡುಕಿದೆ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಆ ಪತ್ರಿಕೆ ಹಿಡಿದು, ಅವ್ವನನ್ನೂ ಕರೆದುಕೊಂಡು ಬಸ್ಸಿನಲ್ಲಿ ಚಳ್ಳಕೆರೆಗೆ ಹೋದೆ. ಭಾವ ಗಂಜಿಯ ಪಾತ್ರೆಯನ್ನು ಅಂಗಡಿ ಮುಂದೆ ತಂದಿಟ್ಟುಕೊಂಡು ಕೂತಿದ್ದರು. "ಇದೇ ನೋಡ್ರಿ ಲೇಪನ. ಹುಣಸೆಬೀಜದ ಗಂಜಿ. ರಾಕೆಟ್ಟೂ ಇಲ್ಲ, ಏನೂ ಇಲ್ಲ. ಚಳಿಗೆ ಬೆಚ್ಚಗಿರ್ತೈತೆ, ಬೇಕಾದ್ರೆ ತಗಳ್ರಿ." ಜನ ಪಾತ್ರೆಗೆ ಬಗ್ಗಿ ಮೂಸಿ, ನಕ್ಕು, ಕಂಬಳಿ ಕೊಂಡು ಹೋಗುತ್ತಿದ್ದರು. ಭಾವನ ಹೆಸರು ಉಳಿಯಿತಲ್ಲ ಎಂದು ನನಗೆ ನಿಜವಾಗಿ ಖುಷಿಯಾಯಿತು. ಒಪ್ಪಿಸಬೇಕಾದವಳು ಅವ್ವ ಒಬ್ಬಳೇ. ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ ತಿದ್ದುಪಡಿಯನ್ನು ಗಟ್ಟಿಯಾಗಿ ಓದಿದೆ.

"ಪೇಪರಿನಾಗೆ ಬರೋದೆಲ್ಲ ಸುಳ್ಳು ಅಂತ ದಿನಾ ನೀನೇ ಹೇಳ್ತಿದ್ದೆ," ಎಂದಳು ಅವ್ವ. "ಇದೂ ಸುಳ್ಳೇ ಇರ್ಬೇಕು ಬಿಡು."

"ಹಂಗಾದ್ರೆ ರಾಕೆಟ್ ಅಂತ ಬಂದಿತ್ತಲ್ಲ, ಅದು?"

"ಅದು ನೀನು ಬರ್ದಿದ್ದು ನೋಡಿ ಹಾಕಿದ್ದು ಅಂತ ಬಸ್ಸಿನಾಗೆ ನೀನೇ ಹೇಳ್ದಲ್ಲ. ನೀನು ಸುಳ್ಳು ಬರೀತೀಯೇನಪ್ಪಾ?"

ಕೆಂಪು ಪೆನ್ನು ಜೇಬಿನಲ್ಲೇ ಇತ್ತು. ತೆಗೆಯುವ ಧೈರ್ಯವಾಗಲಿಲ್ಲ.